ಒತ್ತಕ್ಷರಕ್ಕೊಂದಿಷ್ಟು ಜಾಗ

2023ರ ಡಿಸೆಂಬರ್ 27ರಂದು ಸಾದಹಳ್ಳಿ ಟೋಲ್ ಗೇಟಿನ ಬಳಿ ಕರ್ನಾಟಕ ರಕ್ಷಣಾ ವೇದಿಕೆಯವರು ಸೇರಿದ್ದು, ಇಂಗ್ಲಿಷ್ ಬೋರ್ಡುಗಳ ವಿರುದ್ಧ ಮೆರವಣಿಗೆ ಹೊರಟದ್ದು, ದಾರಿಯಲ್ಲಿ ಫಲಕಗಳು ಪುಡಿಯಾದದ್ದು, ಮುಖಂಡರ ಬಂಧನವಾದದ್ದು ಎಲ್ಲವೂ ಟಿವಿಯಲ್ಲಿ ಬಂತು. ಅದಾದ ಮೇಲಿನ ಎರಡು ತಿಂಗಳು ಬಳ್ಳಾರಿ ರಸ್ತೆಯ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ನಡೆದ ಕೆಲಸ ಮಾತ್ರ ಯಾವ ಟಿವಿಯಲ್ಲೂ ಬರಲಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು. ನಾಮಫಲಕದಲ್ಲಿ ಕನ್ನಡ ಅರ್ಧದಷ್ಟಿದ್ದರೆ ಸಾಲದು, ಶೇ 60 ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಆಗಿನ ಬಿಬಿಎಂಪಿ ಕೊಟ್ಟಿದ್ದ ಗಡುವು ಫೆಬ್ರವರಿ 28. ಹೆಬ್ಬಾಳದಿಂದ ಯಲಹಂಕದವರೆಗೆ, ನಡುವೆ ಅಲ್ಲಾಳಸಂದ್ರ ಗೇಟಿನ ಎರಡೂ ಬದಿಗೆ, ಬೇಕರಿ, ಮೆಡಿಕಲ್ಸ್, ಜಿಮ್, ಪ್ಲೇಹೋಮ್ ಎಲ್ಲದಕ್ಕೂ ಹೊಸ ಬೋರ್ಡು ಬೇಕಾಯಿತು.

ಅಂಗಡಿಯವರ ಹತ್ತಿರ ಸಾಮಾನ್ಯವಾಗಿ ಇದ್ದದ್ದು ಒಂದೇ ಫೈಲು. ಇಂಗ್ಲಿಷ್ ಹೆಸರಿನ ಲೋಗೋ, ಯಾವುದೋ ಕಾಲದಲ್ಲಿ ಯಾರೋ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಜೆಪಿಜಿ. ‘ಇದರ ಮೇಲೆ ಕನ್ನಡದಲ್ಲಿ ಹೆಸರು ಹಾಕಿಕೊಡಿ’ ಎಂದರೆ ಡಿಸೈನ್ ಮಾಡುವ ಹುಡುಗ ಮೊದಲು ಮಾಡಬೇಕಾದ ಕೆಲಸ ಅಕ್ಷರ ಟೈಪ್ ಮಾಡುವುದಲ್ಲ, ಜಾಗ ಮಾಡುವುದು. ಇದ್ದ ಚಿತ್ರವನ್ನು ಹಿಗ್ಗಿಸದೆ, ಕುಗ್ಗಿಸದೆ, ಅದರ ಸುತ್ತಲೋ ಮೇಲಕ್ಕೋ ಖಾಲಿ ಜಾಗ ಸೇರಿಸುವುದು. ನೋಡಲು ಎರಡು ನಿಮಿಷದ ಕೆಲಸ. ಅದು ಎಷ್ಟು ಕಡೆ ಎಡವುತ್ತದೆ ಎನ್ನುವುದು ಊರಿನ ಬೋರ್ಡುಗಳನ್ನು ಸ್ವಲ್ಪ ತಲೆಯೆತ್ತಿ ಓದಿದರೆ ಗೊತ್ತಾಗುತ್ತದೆ. ತಂತ್ರಾಂಶ ತಾನಾಗಿ ಬಿಡುವ ಜಾಗವನ್ನೇ ನಂಬಿಕೊಂಡರೆ ಕನ್ನಡದ ಅಕ್ಷರ ಕೆಡುತ್ತದೆ ಎಂಬುದು ನನ್ನ ತಕರಾರು. ಅದನ್ನು ಲೆಕ್ಕ ಹಾಕಿಯೇ ಬಿಡಬೇಕು.

ಮೊದಲ ತಪ್ಪು ಅಂಕಗಣಿತದ್ದು. ಇಂಗ್ಲಿಷ್ ಲೋಗೋದ ಎತ್ತರ 400 ಪಿಕ್ಸೆಲ್ ಎಂದಿಟ್ಟುಕೊಳ್ಳಿ, ಅಗಲ 1000. ಕನ್ನಡಕ್ಕೆ ಶೇ 60 ಎಂದ ಕೂಡಲೇ ಅವಸರದಲ್ಲಿ 400ರ ಶೇ 60, ಅಂದರೆ 240 ಸೇರಿಸಿ 640 ಮಾಡಿದರೆ ಕನ್ನಡದ ಪಾಲು ಬರುವುದು ಶೇ 37.5 ಮಾತ್ರ. ಇಂಗ್ಲಿಷಿನ 400 ಎಂಬುದು ಒಟ್ಟು ಎತ್ತರದ ಶೇ 40 ಆಗಬೇಕಾದರೆ ಒಟ್ಟು ಎತ್ತರ 1000 ಇರಬೇಕು. ಮೇಲೆ ಸೇರಿಸಬೇಕಾದದ್ದು 600. ಇದ್ದ ಬೋರ್ಡು ಎರಡೂವರೆ ಪಟ್ಟು ಎತ್ತರವಾಗುತ್ತದೆ. ಅಂಗಡಿಯ ಶಟರಿನ ಮೇಲೆ ಅಷ್ಟು ಜಾಗವೇ ಇಲ್ಲದವರು ಇಂಗ್ಲಿಷನ್ನು ಕುಗ್ಗಿಸಲೇಬೇಕಾಯಿತು, ಆ ಮಾತು ಬೇರೆ.

ಈಗ ತಂತ್ರಾಂಶಕ್ಕೆ ಬರೋಣ. ಫೋಟೋಶಾಪ್‌ನ ಇಮೇಜ್ ಮೆನುವಿನಲ್ಲಿ ‘ಇಮೇಜ್ ಸೈಜ್’, ‘ಕ್ಯಾನ್ವಾಸ್ ಸೈಜ್’ ಎಂದು ಎರಡು ಸಾಲು ಅಕ್ಕಪಕ್ಕದಲ್ಲೇ ಇವೆ. ಹೊಸಬರು ಮೊದಲನೆಯದನ್ನು ಒತ್ತುತ್ತಾರೆ. ಎತ್ತರ ಬದಲಿಸಿದ ತಕ್ಷಣ ಲೋಗೋ ಉದ್ದಕ್ಕೆ ಎಳೆದಂತಾಗುತ್ತದೆ, ಇಲ್ಲವೇ ಇಡೀ ಚಿತ್ರ ದೊಡ್ಡದಾಗುತ್ತದೆ. ಬೇಕಾದದ್ದು ಎರಡನೆಯದು. ಅಲ್ಲಿ ಅಗಲ, ಎತ್ತರದ ಕೆಳಗೆ ‘ರಿಲೇಟಿವ್’ ಎಂಬ ಪುಟ್ಟ ಟಿಕ್ ಇದೆ. ಅದನ್ನು ಹಾಕಿದರೆ ಒಟ್ಟು ಅಳತೆಯ ಬದಲು ಎಷ್ಟು ಸೇರಿಸಬೇಕು ಎಂಬುದನ್ನು ಮಾತ್ರ ಬರೆದರಾಯಿತು, ನಮ್ಮ ಲೆಕ್ಕದಲ್ಲಿ 600. ಅದರ ಕೆಳಗೆ ಒಂಬತ್ತು ಮನೆಯ ಚೌಕ, ‘ಆ್ಯಂಕರ್’. ಇರುವ ಚಿತ್ರ ಎಲ್ಲಿ ನಿಲ್ಲಬೇಕು ಎಂದು ಹೇಳುವ ಜಾಗ ಅದು. ನಡುವಿನ ಮನೆ ಒತ್ತಿದರೆ ನಾಲ್ಕೂ ಕಡೆ ಸಮನಾಗಿ ಹರಡುತ್ತದೆ. ಕೆಳಸಾಲಿನ ನಡುಮನೆ ಒತ್ತಿದರೆ ಇಂಗ್ಲಿಷ್ ತಳದಲ್ಲೇ ಕೂತು, ಸೇರಿಸಿದ 600 ಪಿಕ್ಸೆಲ್ ಅಷ್ಟೂ ಮೇಲಕ್ಕೆ ಹೋಗುತ್ತದೆ. ಕಾನೂನು ಕೇಳಿದ್ದು ಇದನ್ನೇ.

ಕಾಸು ಕೊಡದೆ ಸಿಗುವ ಗಿಂಪ್‌ನಲ್ಲೂ ಇಮೇಜ್ ಮೆನುವಿನಲ್ಲಿ ಕ್ಯಾನ್ವಾಸ್ ಸೈಜ್ ಇದೆ. ಅಲ್ಲಿ ಅಗಲ-ಎತ್ತರದ ಪಕ್ಕದ ಸರಪಳಿ ಚಿಹ್ನೆಯನ್ನು ಒತ್ತಿ ಬಿಡಿಸಬೇಕು, ಇಲ್ಲವಾದರೆ ಎತ್ತರ ಬದಲಿಸಿದ ಕೂಡಲೇ ಅಗಲವೂ ಬದಲಾಗುತ್ತದೆ. ಆ್ಯಂಕರಿನ ಬದಲು ‘ಆಫ್‌ಸೆಟ್’ ಎಂಬ ಎರಡು ಅಂಕಿಗಳಿವೆ. ವೈ ಎದುರು 600 ಎಂದು ಬರೆದರೆ ಹಳೆಯ ಚಿತ್ರ ಅಷ್ಟು ಕೆಳಗೆ ಇಳಿಯುತ್ತದೆ. ಗಿಂಪ್‌ನ ಇನ್ನೊಂದು ತರಲೆ ಎಂದರೆ ಕ್ಯಾನ್ವಾಸ್ ಬೆಳೆದರೂ ಪದರ, ಅಂದರೆ ಲೇಯರ್, ಹಳೆಯ ಅಳತೆಯಲ್ಲೇ ಉಳಿಯುವುದು. ಹಳದಿ-ಕಪ್ಪು ಚುಕ್ಕಿಗೆರೆಯೊಂದು ಅದರ ಗಡಿ ತೋರಿಸುತ್ತಿರುತ್ತದೆ. ಆ ಗೆರೆಯಾಚೆ ಬ್ರಷ್ ಎಷ್ಟು ಉಜ್ಜಿದರೂ ಬಣ್ಣ ಹತ್ತುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ರೀಸ್ಟಾರ್ಟ್ ಮಾಡುವವರೂ ಇದ್ದಾರೆ! ಲೇಯರ್ ಮೆನುವಿನ ‘ಲೇಯರ್ ಟು ಇಮೇಜ್ ಸೈಜ್’ ಒತ್ತಿದರೆ ಗೆರೆ ಹೊಸ ಅಂಚಿಗೆ ಹೋಗಿ ಕೂರುತ್ತದೆ.

ಇಲ್ಲಿಯವರೆಗೆ ಆದದ್ದು ಜಾಗ ಸೇರಿಸುವ ಕೆಲಸ. ಆ ಜಾಗ ಬಿಳಿಯೋ ಖಾಲಿಯೋ ಎಂಬುದು ಇನ್ನೊಂದೇ ಪ್ರಶ್ನೆ, ಮತ್ತು ಹೆಚ್ಚಿನ ಜಗಳ ಹುಟ್ಟುವುದು ಅಲ್ಲಿಯೇ. ಬಿಳಿ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಸುಣ್ಣ ಹೊಡೆದ ಗೋಡೆಗೂ ತೆರೆದ ಕಿಟಕಿಗೂ ಇರುವ ವ್ಯತ್ಯಾಸ ಅವೆರಡರ ನಡುವೆ ಇದೆ. ಜೆಪಿಜಿಯನ್ನು ಫೋಟೋಶಾಪ್‌ನಲ್ಲಿ ತೆರೆದರೆ ಅದು ‘ಬ್ಯಾಕ್‌ಗ್ರೌಂಡ್’ ಎಂಬ ಹೆಸರಿನ, ಬೀಗದ ಗುರುತಿರುವ ಪದರವಾಗಿ ಬರುತ್ತದೆ. ಬೀಗ ಇರುವಷ್ಟು ಹೊತ್ತು ಕ್ಯಾನ್ವಾಸ್ ಬೆಳೆಸಿದರೆ ಸೇರುವುದು ಯಾವುದೋ ಬಣ್ಣ, ಬಹುಪಾಲು ಬಿಳಿ. ಆ ಪದರದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಅದನ್ನು ‘ಲೇಯರ್ 0’ ಮಾಡಿಕೊಂಡ ಮೇಲೆ ಬೆಳೆಸಿದರೆ ಸೇರುವುದು ಖಾಲಿ. ಬಣ್ಣ ಕೇಳುವ ಆಯ್ಕೆಯೇ ಆಗ ಮಸುಕಾಗಿಬಿಡುತ್ತದೆ. ಗಿಂಪ್‌ನಲ್ಲಿ ಗುರುತು ಹಿಡಿಯುವುದು ಇನ್ನೂ ಸುಲಭ. ಪದರದ ಹೆಸರು ದಪ್ಪ ಅಕ್ಷರದಲ್ಲಿದ್ದರೆ ಅದಕ್ಕೆ ಪಾರದರ್ಶಕವಾಗುವ ಶಕ್ತಿ ಇಲ್ಲ ಎಂದರ್ಥ. ‘ಆ್ಯಡ್ ಆಲ್ಫಾ ಚಾನೆಲ್’ ಎಂಬುದನ್ನು ಒತ್ತಿದರೆ ದಪ್ಪ ಹೆಸರು ತೆಳ್ಳಗಾಗುತ್ತದೆ.

ಈ ಆಲ್ಫಾ ಎಂಬುದು ಪ್ರತಿ ಪಿಕ್ಸೆಲ್‌ಗೆ ಅಂಟಿಸಿದ ನಾಲ್ಕನೆಯ ಅಂಕಿ. ಕೆಂಪು, ಹಸಿರು, ನೀಲಿಗೆ ತಲಾ ಒಂದು ಅಂಕಿ ಮೊದಲೇ ಇತ್ತು, 0ಯಿಂದ 255ರವರೆಗೆ. ನಾಲ್ಕನೆಯದು ಈ ಬಿಂದು ಎಷ್ಟು ಕಾಣಬೇಕು ಎಂದು ಹೇಳುತ್ತದೆ. 255 ಎಂದರೆ ಪೂರ್ತಿ, 0 ಎಂದರೆ ಇಲ್ಲವೇ ಇಲ್ಲ, 128 ಎಂದರೆ ಹಿಂದಿನದೂ ಅರ್ಧ ಕಾಣಬೇಕು. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1970ರ ದಶಕದ ಕೊನೆಗೆ ಆಲ್ವಿ ರೇ ಸ್ಮಿತ್, ಎಡ್ ಕ್ಯಾಟ್ಮಲ್ ಇಬ್ಬರೂ ಈ ಉಪಾಯ ಕಂಡುಕೊಂಡರು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್, ಟಾಮ್ ಡಫ್ ಅದಕ್ಕೆ ಗಣಿತದ ನಿಯಮ ಕಟ್ಟಿಕೊಟ್ಟರು. ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಟ್ಟರೆ ಪ್ರತಿ ಬಿಂದುವಿಗೆ ಯಾವ ಬಣ್ಣ ಬರಬೇಕು ಎಂಬ ಆ ಲೆಕ್ಕವೇ ಇವತ್ತಿಗೂ ನಮ್ಮ ಫೋನುಗಳಲ್ಲಿ ನಡೆಯುತ್ತಿರುವುದು. ನಾಲ್ವರಿಗೂ ಸೇರಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು.

ಸಿನಿಮಾದವರಿಂದ ಈ ಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಸಮಸ್ಯೆ ಸಿನಿಮಾದ್ದೇ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ಆ ಕಾಲದ ದ್ವಿಪಾತ್ರದ ದೃಶ್ಯಗಳಲ್ಲಿ ಇಬ್ಬರನ್ನೂ ಒಂದೇ ಚೌಕಟ್ಟಿಗೆ ತರಲು ಕ್ಯಾಮೆರಾದ ಮುಂದೆ ಮಾಸ್ಕ್ ಇಟ್ಟು ಅರ್ಧ ಫಿಲ್ಮಿಗೆ ಬೆಳಕು ತಾಕದಂತೆ ಮುಚ್ಚುತ್ತಿದ್ದರು. ಅರ್ಧ ಚಿತ್ರೀಕರಣ ಮುಗಿದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು, ಅದೇ ನಟನನ್ನು ಬೇರೆ ವೇಷದಲ್ಲಿ ನಿಲ್ಲಿಸುತ್ತಿದ್ದರು. ಮುಚ್ಚಿದ ಭಾಗಕ್ಕೆ ಚೂರು ಬೆಳಕು ಬಿದ್ದರೂ ಕೆಲಸ ಕೆಟ್ಟಂತೆಯೇ. ಅದು ಏನೂ ಆಗದೆ ಉಳಿಯಬೇಕಿತ್ತು, ಇನ್ನೊಂದು ಚಿತ್ರ ಬಂದು ಕೂರುವವರೆಗೆ.

ಹಾಗಿದ್ದರೆ ಬೋರ್ಡು ಮಾಡುವವರಿಗೆ ಬಿಳಿ-ಖಾಲಿಯ ಭೇದ ಇಷ್ಟು ವರ್ಷ ಏಕೆ ಕಾಡಲಿಲ್ಲ? ಉತ್ತರ ಫ್ಲೆಕ್ಸ್ ಮಷೀನಿನಲ್ಲಿದೆ. ಸಾಮಾನ್ಯ ಫ್ಲೆಕ್ಸ್ ಮುದ್ರಣದಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಶೀಟೇ ಬಿಳಿ. ಫೈಲಿನಲ್ಲಿ ಬಿಳಿ ಇದ್ದ ಕಡೆ ಮಷೀನು ಏನನ್ನೂ ಉಗುಳದೆ ಮುಂದೆ ಹೋಗುತ್ತದೆ, ಖಾಲಿ ಇದ್ದ ಕಡೆಯೂ ಹಾಗೆಯೇ. ಎರಡಕ್ಕೂ ಫಲ ಒಂದೇ ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಫ್ಲೆಕ್ಸ್ ಮೇಲೆ ಸರ್ಕಾರದ ನಿಷೇಧ ಬಂತು, 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ನಗರದಲ್ಲಿ ರಾತ್ರೋರಾತ್ರಿ ಫ್ಲೆಕ್ಸ್ ಇಳಿಸಿದರು, ಮತ್ತೆ ಏರಿದವು ಎನ್ನುವುದು ನಮಗೆಲ್ಲ ಗೊತ್ತು. ಆದರೆ ಅಂಗಡಿಗಳ ಖಾಯಂ ಬೋರ್ಡು ಆ ಹೊತ್ತಿಗೆ ಅಲ್ಯುಮಿನಿಯಂ ಮೈಯ ಎಸಿಪಿ ಶೀಟು, ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ ಎಂದು ಬದಲಾಗತೊಡಗಿತ್ತು. ಅದೇ ಲೋಗೋ ಈಗ ಗಾಜಿನ ಬಾಗಿಲಿಗೆ ಅಂಟಿಸುವ ಪಾರದರ್ಶಕ ಸ್ಟಿಕ್ಕರಿಗೂ ಬೇಕು, ಡೆಲಿವರಿ ಹುಡುಗರ ನೀಲಿ ಟೀ-ಶರ್ಟಿಗೂ ಬೇಕು, ಗೂಗಲ್ ಮ್ಯಾಪಿಗೂ ಬೇಕು, ಇನ್‌ಸ್ಟಾಗ್ರಾಮಿಗೂ ಬೇಕು. ಹಳದಿ ಎಸಿಪಿಯ ನಡುವೆ ಬಿಳಿ ಡಬ್ಬದೊಳಗೆ ಕೂತ ಲೋಗೋ ಕಂಡಾಗ ಮಾಲೀಕರಿಗೆ ಎದೆ ಧಸಕ್ ಎನ್ನುತ್ತದೆ. ‘ಸರ್, ಬ್ಯಾಕ್‌ಗ್ರೌಂಡ್ ತೆಗೆದು ಪಿಎನ್‌ಜಿ ಕೊಡಿ’ ಎಂಬ ಮಾತು ಈಗ ಡಿಟಿಪಿ ಅಂಗಡಿಯಲ್ಲಿ ‘ಎರಡು ಜೆರಾಕ್ಸ್’ ಎನ್ನುವಷ್ಟೇ ಮಾಮೂಲಿ.

ಪಿಎನ್‌ಜಿಯೇ ಏಕೆ? 1992ರ ಹೊತ್ತಿಗೆ ಪ್ರಮಾಣಿತವಾದ ಜೆಪಿಜಿಯಲ್ಲಿ ಆ ನಾಲ್ಕನೆಯ ಅಂಕಿಗೆ ಮನೆಯೇ ಇಲ್ಲ. ಗಿಫ್‌ನಲ್ಲಿ ಇದೆ, ಆದರೆ ಹೌದು-ಇಲ್ಲ ಎರಡೇ. ಯಾವುದೋ ಒಂದು ಬಣ್ಣವನ್ನು ‘ಇದು ಕಾಣಬೇಡ’ ಎಂದು ಗುರುತಿಸಬಹುದು, ಅರ್ಧ ಕಾಣು ಎನ್ನಲಾಗದು. 1994ರ ಕೊನೆಗೆ ಗಿಫ್‌ನ ಒಳಗಿನ ಸಂಕೋಚನ ವಿಧಾನದ ಪೇಟೆಂಟಿಗೆ ಯೂನಿಸಿಸ್ ಕಂಪನಿ ಹಣ ಕೇಳಲು ಹೊರಟಾಗ ರೊಚ್ಚಿಗೆದ್ದ ತಂತ್ರಜ್ಞರು ಹೊಸ ರೂಪವನ್ನೇ ಕಟ್ಟಿದರು. 1996ರ ಅಕ್ಟೋಬರಿನಲ್ಲಿ ಪಿಎನ್‌ಜಿ ಅಧಿಕೃತವಾಯಿತು, ಆಲ್ಫಾದ ಎಲ್ಲ ಮೆಟ್ಟಿಲುಗಳ ಸಮೇತ. ಖಾಲಿ ಜಾಗಕ್ಕೂ ಕಂಪ್ಯೂಟರಿನ ಮೆಮೊರಿಯಲ್ಲಿ ಬಾಡಿಗೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹತ್ತಡಿ ಅಗಲ, ಮೂರಡಿ ಎತ್ತರದ ಬೋರ್ಡನ್ನು ಇಂಚಿಗೆ 72 ಪಿಕ್ಸೆಲ್‌ನಂತೆ ತೆರೆದರೆ 8640 ಗುಣಿಸು 2592, ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬೈಟ್, ಒಟ್ಟು ಸುಮಾರು 90 ಎಂಬಿ. ಅದರಲ್ಲಿ ಮುಕ್ಕಾಲು ಭಾಗ ಖಾಲಿ ಇದ್ದರೂ ತೆರೆದಾಗ ಅಷ್ಟೇ. ಸೇವ್ ಮಾಡಿದಾಗ ಮಾತ್ರ ಒಂದೇ ಥರದ ಖಾಲಿ ಬಿಂದುಗಳನ್ನು ಪಿಎನ್‌ಜಿ ಮಡಚಿ ಸಣ್ಣದು ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ಜಾಗರೂಕತೆಯಿಂದ ಮಾಡಿದ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಮುಗಿಯಿತು. ಅದು ಜೆಪಿಜಿಯಾಗಿ ಹೋಗುತ್ತದೆ, ಖಾಲಿ ಇದ್ದದ್ದು ಬಿಳಿಯೋ ಕಪ್ಪೋ ಆಗಿ ತಲುಪುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಡಿಸೈನಿನವರು ಗೋಗರೆಯುವುದು ಇದಕ್ಕೇ. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ಬೂದು-ಬಿಳಿ ಚೌಕಳಿಯ ಚಿತ್ರಗಳ ಬಗ್ಗೆಯೂ ಎಚ್ಚರವಿರಲಿ. ಆ ಚೌಕಳಿ ಖಾಲಿ ಜಾಗವನ್ನು ಸೂಚಿಸಲು ತಂತ್ರಾಂಶ ಬಿಡಿಸುವ ಗುರುತು, ಚಿತ್ರದ ಭಾಗವಲ್ಲ. ಆದರೆ ಸ್ಕ್ರೀನ್‌ಶಾಟ್ ಹೊಡೆದು ಹಂಚಿದವರ ದೆಸೆಯಿಂದ ಚೌಕಳಿಯೇ ಬಣ್ಣವಾಗಿ ಉಳಿದ ಚಿತ್ರಗಳು ಬೇಕಾದಷ್ಟಿವೆ.

ಇನ್ನು ಕನ್ನಡದ ಮಾತು. ಇಷ್ಟು ಹೊತ್ತು ಹೇಳಿದ್ದು ಯಾವ ಭಾಷೆಗಾದರೂ ಸಲ್ಲುವ ಸಂಗತಿ. ‘ಅಲ್ಲಾಳಸಂದ್ರ’ ಎಂದು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ. ಐದು ಅಕ್ಷರ. ಎರಡನೆಯದರ ಕೆಳಗೆ ಲಕಾರದ ಒತ್ತು. ಕೊನೆಯದರ ಕೆಳಗೆ ರಕಾರದ ಒತ್ತು. ಕೆಲವು ಫಾಂಟುಗಳಲ್ಲಿ ಅದು ದಕಾರದ ಕೆಳಗಿನಿಂದ ಹೊರಟು ಬಲ ಅಂಚನ್ನೂ ದಾಟಿ ಆಚೆ ಚಾಚುತ್ತದೆ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಕೆಳಗೆ ಇಳಿಯುವ ಅಕ್ಷರ ಒಂದೂ ಇಲ್ಲ. ಎಲ್ಲವೂ ಗೆರೆಯ ಮೇಲೆ ಕೂತಿವೆ. ಇಂಗ್ಲಿಷ್ ಹೆಸರಿಗೆಂದು ಮಾಡಿಟ್ಟ ಅಚ್ಚಿನಲ್ಲಿ ತಳಕ್ಕೆ ಜಾಗ ಬಿಡುವ ಅಗತ್ಯ ಯಾರಿಗೂ ಕಂಡಿರುವುದಿಲ್ಲ. ಆ ಅಚ್ಚಿಗೆ ಕನ್ನಡ ಸುರಿದರೆ ಮೊದಲು ಕತ್ತರಿ ಬೀಳುವುದು ಎರಡು ಕಡೆ: ತಳದಲ್ಲಿ, ಮತ್ತು ಬಲಗಡೆಯ ಕೆಳಮೂಲೆಯಲ್ಲಿ. ಒತ್ತು ಹೋದರೆ ಉಳಿಯುವುದು ‘ಅಲಾಳಸಂದ’. ಥಣಿಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ, ಮಲ್ಲಸಂದ್ರ ಹೀಗೆ ಬೆಂಗಳೂರಿನ ಸುತ್ತ ‘ಸಂದ್ರ’ದಲ್ಲಿ ಕೊನೆಯಾಗುವ ಊರುಗಳೆಲ್ಲ ಇದೇ ಮೂಲೆಯಲ್ಲಿ ಅಪಾಯ ಹೊತ್ತುಕೊಂಡಿವೆ.

ಹಳೆಯ ಫೋಟೋಶಾಪ್‌ಗಳಲ್ಲಿ ತೊಂದರೆ ಇದಕ್ಕೂ ಮೊದಲೇ ಶುರುವಾಗುತ್ತಿತ್ತು. ಯೂನಿಕೋಡ್ ಕನ್ನಡವನ್ನು ತಂದು ಅಂಟಿಸಿದರೆ ಒತ್ತು ಕೆಳಗೆ ಹೋಗದೆ ‘ಅಲ್‌ಲಾಳಸಂದ್‌ರ’ ಎಂದು ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೇ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳನ್ನು ನಮ್ಮ ಡಿಟಿಪಿಯವರು ಇಂದಿಗೂ ಕೈಬಿಟ್ಟಿಲ್ಲ. ಅವುಗಳಲ್ಲಿ ಒತ್ತು ಒಂದು ಪ್ರತ್ಯೇಕ ಅಚ್ಚು. ಎಲ್ಲಿ ಇಡಬೇಕೋ ಅಲ್ಲೇ ಕೂರುತ್ತದೆ. ಈಗಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಅಕ್ಷರಜೋಡಣೆಯ ಆಯ್ಕೆ ಹಾಕಿಕೊಂಡರೆ ಯೂನಿಕೋಡ್ ಕೂಡ ಸರಿಯಾಗಿ ಬರುತ್ತದೆ. ಆ ಆಯ್ಕೆ ಇದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಜಾಗ ಬಿಡುವ ಮೊದಲು ಅಂಚು ಕತ್ತರಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಯಾರೋ ಕೊಟ್ಟ ಪಿಎನ್‌ಜಿಯ ಸುತ್ತ ಕಣ್ಣಿಗೆ ಕಾಣದ ಖಾಲಿ ಎಷ್ಟಿದೆಯೋ ಹೇಳಲಾಗದು. ಫೋಟೋಶಾಪ್‌ನ ‘ಟ್ರಿಮ್’, ಗಿಂಪ್‌ನ ‘ಕ್ರಾಪ್ ಟು ಕಂಟೆಂಟ್’ ಅದನ್ನೆಲ್ಲ ತೆಗೆದು ಚಿತ್ರವನ್ನು ಅಂಚಿಗೆ ಸರಿಯಾಗಿ ನಿಲ್ಲಿಸುತ್ತವೆ. ಆಮೇಲೆ ಬೇಕಾದಷ್ಟು ಅಳೆದು ಸೇರಿಸಬಹುದು. ಕನ್ನಡ ಹೆಸರಿಗೆ ಇಲ್ಲೊಂದು ಉರುಳಿದೆ. ‘ಅಲ್ಲಾಳಸಂದ್ರ’ದಲ್ಲಿ ಅಕ್ಷರದ ಮೈ 300 ಪಿಕ್ಸೆಲ್, ಕೆಳಗಿನ ಒತ್ತು 120 ಎಂದುಕೊಳ್ಳೋಣ. ಟ್ರಿಮ್ ಮಾಡಿದರೆ 420. ಅದನ್ನು 600ರ ಜಾಗದಲ್ಲಿ ನಡುಮನೆ ಒತ್ತಿ ಕೂರಿಸಿದರೆ ಮೇಲೆ 90, ಕೆಳಗೆ 90 ಬರುತ್ತದೆ. ಗಣಿತಕ್ಕೆ ಸರಿ, ಕಣ್ಣಿಗೆ ತಪ್ಪು. ನಮ್ಮ ಕಣ್ಣು ಅಳೆಯುವುದು ಅಕ್ಷರದ ಮೈಯನ್ನು, ಆ ಮೈ ನಡುಗೆರೆಗಿಂತ 60 ಪಿಕ್ಸೆಲ್ ಮೇಲಕ್ಕೆ ಹೋಗಿಬಿಟ್ಟಿರುತ್ತದೆ. ಬೋರ್ಡು ಜೋತುಬಿದ್ದಂತೆ ಕಾಣುತ್ತದೆ, ಏಕೆಂದು ಯಾರಿಗೂ ಹೇಳಲು ಬರುವುದಿಲ್ಲ. ಮೈಯನ್ನೇ ನಡುವಿಗೆ ತಂದರೆ ಒತ್ತಿನ ಕೆಳಗೆ ಉಳಿಯುವುದು ಬರೀ 30. ಚೌಕಟ್ಟಿನ ಪಟ್ಟಿಗೆ ತಗಲುವಷ್ಟು ಹತ್ತಿರ. ಮೇಲೆ 120, ಕೆಳಗೆ 60 ಎಂದು ರಾಜಿ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಾದ ಅಳತೆ. ‘ಯಲಹಂಕ’ಕ್ಕೆ ಈ ತಾಪತ್ರಯವೇ ಇಲ್ಲ. ಅದರಲ್ಲಿ ಒತ್ತೇ ಇಲ್ಲ, ನಡುಮನೆ ಒತ್ತಿ ಸುಮ್ಮನಾಗಬಹುದು.

ಅದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಕನ್ನಡಕ್ಕೆ ಕೊಟ್ಟ 600ರಲ್ಲಿ ಅಕ್ಷರದ ಮೈಗೆ ಸಿಕ್ಕಿದ್ದು 300. ಕೆಳಗಿನ ಇಂಗ್ಲಿಷ್ ತನ್ನ 400ನ್ನು ಹೆಚ್ಚುಕಡಿಮೆ ತುಂಬಿಕೊಂಡು ಕೂತಿದೆ. ಟೇಪು ಹಿಡಿದು ಅಳೆದರೆ ನಿಯಮ ಪಾಲನೆಯಾಗಿದೆ, ರಸ್ತೆಯಿಂದ ನೋಡಿದರೆ ಇಂಗ್ಲಿಷೇ ದೊಡ್ಡದು. ಶೇ 60ರ ನಿಯಮ ಬರೆದವರು ಪಾಲು ಅಳೆದರೇ ಹೊರತು ಅಕ್ಷರದ ಗಾತ್ರವನ್ನಲ್ಲ. ಇದನ್ನು ಕನ್ನಡದ ದೋಷ ಎಂದು ನಾನು ಒಪ್ಪುವುದಿಲ್ಲ. ಅಕ್ಷರದ ಮೈಗೆ ಮೈ ಹೋಲಿಸಿ ಅಳೆಯಿರಿ ಎಂದು ನಿಯಮದಲ್ಲೇ ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು.

ಹತ್ತಾರು ಹೆಸರುಗಳನ್ನು ಸಾಲಾಗಿ ಇಡಬೇಕಾದಾಗ ಎಡವಟ್ಟು ಇನ್ನೂ ಎದ್ದು ಕಾಣುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ನಮ್ಮ ಮೆಟ್ರೊ ನೀಲಿ ಮಾರ್ಗದಲ್ಲಿ ನಮ್ಮ ಕಡೆಯ ನಿಲ್ದಾಣಗಳು ಹೆಬ್ಬಾಳ, ಕೊಡಿಗೇಹಳ್ಳಿ, ಜಕ್ಕೂರು ಕ್ರಾಸ್, ಯಲಹಂಕ. ಹೆಬ್ಬಾಳದಲ್ಲಿ ಬಕಾರದ ಒತ್ತು. ಕೊಡಿಗೇಹಳ್ಳಿಯ ಕೊನೆಯ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ. ಜಕ್ಕೂರಿನಲ್ಲಿ ಒತ್ತು, ಜೊತೆಗೆ ಬಲಕ್ಕೆ ಚಾಚಿದ ಕೊಂಬು. ಯಲಹಂಕ ಮಟ್ಟಸ. ಒಂದೊಂದನ್ನೂ ಬೇರೆ ಬೇರೆ ಟ್ರಿಮ್ ಮಾಡಿ, ನಡುವಿಗೆ ಕೂರಿಸಿ, ಪಕ್ಕಪಕ್ಕ ಇಟ್ಟರೆ ಹೆಸರುಗಳು ಮೆಟ್ಟಿಲು ಹತ್ತಿ ಇಳಿದಂತೆ ಕಾಣುತ್ತವೆ. ಮಾಡಬೇಕಾದದ್ದು ಇಷ್ಟೆ: ಎಲ್ಲ ಹೆಸರುಗಳಲ್ಲಿ ಅತಿ ಮೇಲಕ್ಕೆ ಹೋಗುವ ಗುಡಿಸು ಯಾವುದು, ಅತಿ ಕೆಳಕ್ಕೆ ಇಳಿಯುವ ಒತ್ತು ಯಾವುದು ಎಂದು ನೋಡಿ ಒಂದೇ ಎತ್ತರ ಗೊತ್ತು ಮಾಡಿಕೊಳ್ಳಬೇಕು. ಅಕ್ಷರದ ಮೈ ಕೂರುವ ಗೆರೆ ಎಲ್ಲದರಲ್ಲೂ ತಳದಿಂದ ಒಂದೇ ದೂರದಲ್ಲಿರಬೇಕು. ಯಲಹಂಕದ ಕೆಳಗೆ ಬಳಸದ ಖಾಲಿ ಉಳಿಯುತ್ತದೆ, ಉಳಿಯಲಿ. ನೂರಾರು ಚಿತ್ರಗಳಿದ್ದರೆ ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನವಿದೆ. ಹಿನ್ನೆಲೆ ಬೇಡ, ಇಷ್ಟು ಅಳತೆಗೆ ಬೆಳೆಸು, ಚಿತ್ರವನ್ನು ಇಂಥ ಅಂಚಿಗೆ ನಿಲ್ಲಿಸು ಎಂದು ಒಂದು ಸಾಲಿನಲ್ಲಿ ಹೇಳಿದರೆ ಇಡೀ ಫೋಲ್ಡರನ್ನೇ ಮುಗಿಸಿ ಕೊಡುತ್ತದೆ.

ಫೋನಿನ ದುಂಡು ಡಿಪಿಗೂ ಲೆಕ್ಕವಿದೆ. ಚೌಕದ ನಾಲ್ಕು ಮೂಲೆಗಳೂ ವೃತ್ತದೊಳಗೆ ಉಳಿಯಬೇಕಾದರೆ ಕರ್ಣದಷ್ಟು ಜಾಗ ಬೇಕು. 1000 ಗುಣಿಸು 1000ದ ಲೋಗೋಗೆ 1414ರ ಚೌಕ, ಅಂದರೆ ಪ್ರತಿ ಬದಿಗೆ 207 ಪಿಕ್ಸೆಲ್ ಖಾಲಿ. ಹಳೆಯ 1000 ಗುಣಿಸು 400ರ ಪಟ್ಟಿಗೆ 1080ರ ಚೌಕವೇ ಸಾಕಿತ್ತು. ಕನ್ನಡ-ಇಂಗ್ಲಿಷ್ ಒಂದರ ಮೇಲೊಂದು ಬಂದ ಹೊಸ ಲೋಗೋ ಹಳೆಯ ಡಿಪಿಯ ಅಳತೆಗೆ ಏಕೆ ಕೂರುವುದಿಲ್ಲ, ಮೂಲೆಯ ‘ದ್ರ’ ಏಕೆ ಮಾಯವಾಗುತ್ತದೆ ಎಂಬುದಕ್ಕೆ ಇದೇ ಕಾರಣ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಸ್ಟಿಕ್ಕರುಗಳಿಗೆ ನಿಯಮವೇ ಇದೆ: 512ರ ಚೌಕ, ಪಾರದರ್ಶಕ ಹಿನ್ನೆಲೆ, ಸುತ್ತ 16 ಪಿಕ್ಸೆಲ್ ಖಾಲಿ ಅಂಚು. ಬರೆಯಲು ಸಿಗುವುದು 480. ‘ಶುಭೋದಯ’ ಬರೆಯುವವರಿಗೆ ಧಾರಾಳ, ‘ಹಬ್ಬದ ಹಾರ್ದಿಕ ಶುಭಾಶಯ’ ಬರೆಯುವವರು ಸಾಲು ಮುರಿಯಲೇಬೇಕು.

ಅಂಚಿನ ನವಿರುತನದ ವಿಷಯ ಬಂದಾಗ ನನಗೆ ಏರೋ ಇಂಡಿಯಾದ ಬ್ಯಾನರುಗಳು ನೆನಪಾಗುತ್ತವೆ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುತ್ತಿರುವ ಈ ಪ್ರದರ್ಶನದ ಹೊತ್ತಿಗೆ ರಸ್ತೆಯುದ್ದಕ್ಕೂ ವಿಮಾನಗಳ ಚಿತ್ರ. ಜೆಟ್ ವಿಮಾನವನ್ನು ಫೋಟೋದಿಂದ ಬಿಡಿಸಿಕೊಳ್ಳುವುದು ಸಲೀಸು, ಅಂಚು ಚೂಪು. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಹಾಗಲ್ಲ. ತಿರುಗುವ ರೆಕ್ಕೆ ಫೋಟೋದಲ್ಲಿ ಮಸುಕು ತಟ್ಟೆಯಾಗಿರುತ್ತದೆ, ಅದರ ಮೂಲಕ ಆಕಾಶ ಕಾಣುತ್ತಿರುತ್ತದೆ. ಅಲ್ಲಿ ಆಲ್ಫಾ 255ವೂ ಅಲ್ಲ, 0ಯೂ ಅಲ್ಲ, ನಡುವಿನ ಯಾವುದೋ ಅಂಕಿ. ಮ್ಯಾಜಿಕ್ ವಾಂಡ್ ಹಿಡಿದು ಒರಟಾಗಿ ಕತ್ತರಿಸಿದರೆ ರೆಕ್ಕೆಯೇ ಇಲ್ಲದ ಹೆಲಿಕಾಪ್ಟರ್ ಹಾರುತ್ತದೆ, ಇಲ್ಲವೇ ನೀಲಿ ಆಕಾಶದ ತುಣುಕೊಂದು ರೆಕ್ಕೆಗೆ ಅಂಟಿಕೊಂಡು ಕೆಂಪು ಬ್ಯಾನರಿಗೂ ಬರುತ್ತದೆ. ಜಿಕೆವಿಕೆ ಕೃಷಿ ಮೇಳದ ಫಲಕಕ್ಕೆ ತೆಂಗಿನ ಗರಿ ಬಿಡಿಸುವವರಿಗೂ ಇದೇ ಪಾಡು.

ಕಾಣದ ಬಿಂದುವಿಗೂ ಬಣ್ಣವಿದೆ ಎಂಬುದು ಆಲ್ಫಾದ ಇನ್ನೊಂದು ಮುಖ. ಆಲ್ಫಾ 0 ಮಾಡಿದರೆ ಉಳಿದ ಮೂರು ಅಂಕಿಗಳು ಅಳಿಯಲೇಬೇಕೆಂದಿಲ್ಲ, ಸುಮ್ಮನೆ ಅಡಗಿರಬಹುದು. ಅಂಥ ಚಿತ್ರವನ್ನು ಸಣ್ಣದು ಮಾಡುವಾಗ ಕೆಲವು ಸಾಧನಗಳು ಅಕ್ಕಪಕ್ಕದ ಬಿಂದುಗಳನ್ನು ಬೆರೆಸುವ ಭರದಲ್ಲಿ ಅಡಗಿದ್ದ ಬಿಳಿಯನ್ನೂ ಬೆರೆಸಿಬಿಡುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಅಕ್ಷರದ ಸುತ್ತ ತೆಳು ಬಿಳಿ ಗೆರೆ ಏಳುತ್ತದೆ. ಗಿಂಪ್‌ನಲ್ಲಿ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ ಪಾರದರ್ಶಕ ಬಿಂದುಗಳ ಬಣ್ಣ ಉಳಿಸಬೇಕೇ ಎಂದು ಕೇಳುವ ಟಿಕ್ ಒಂದಿದೆ, ಸಾಮಾನ್ಯವಾಗಿ ಅದು ಬೇಕಾಗಿಲ್ಲ. ಇದೇ ಕಾರಣಕ್ಕೆ ಆಧಾರ್ ಸಂಖ್ಯೆಯನ್ನೋ ಮನೆ ವಿಳಾಸವನ್ನೋ ಇರೇಸರಿನಿಂದ ಉಜ್ಜಿ ಪಿಎನ್‌ಜಿ ಮಾಡಿ ಹಂಚುವುದು ಕ್ಷೇಮವಲ್ಲ. ಬಣ್ಣ ಉಳಿದಿದ್ದರೆ ಯಾರಾದರೂ ಆಲ್ಫಾವನ್ನು ಮತ್ತೆ 255ಕ್ಕೆ ಏರಿಸಿ ಓದಬಹುದು. ಅದರ ಮೇಲೆ ಕಪ್ಪು ಬಳಿದು, ಪದರಗಳನ್ನು ಒಂದು ಮಾಡಿ ಜೆಪಿಜಿ ತೆಗೆಯುವುದೇ ವಾಸಿ. ಖಾಲಿ ಬೇಡದ ಕಡೆ ಜೆಪಿಜಿಯೂ ಉಪಕಾರಿ.

ಬಿಳಿ ಗೆರೆ, ಉಳಿದ ಕಸ, ಕತ್ತರಿಸಿದ ಒತ್ತು ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಒಂದು ಅಗ್ಗದ ಪರೀಕ್ಷೆ ಇದೆ. ಫೈಲು ಕೊಡುವ ಮುಂಚೆ ಲೋಗೋದ ಕೆಳಗೆ ಒಂದು ಹೊಸ ಪದರ ಸೇರಿಸಿ, ಅದಕ್ಕೆ ಗಾಢ ಕೆಂಪು ತುಂಬಿ ನೋಡಿ, ಆಮೇಲೆ ಹಳದಿ ತುಂಬಿ ನೋಡಿ. ಬಿಳಿಯ ಕಸ ಕೆಂಪಿನ ಮೇಲೆ ತಪ್ಪಿಸಿಕೊಳ್ಳಲಾರದು, ಕಪ್ಪಿನ ಕಸ ಹಳದಿಯ ಮೇಲೆ. ನಾಲ್ಕು ಅಂಚನ್ನೂ ದೊಡ್ಡದು ಮಾಡಿಕೊಂಡು, ಮುಖ್ಯವಾಗಿ ಬಲಗಡೆಯ ಕೆಳಮೂಲೆಯಲ್ಲಿ, ಒತ್ತಿನ ತುದಿ ದುಂಡಗೆ ಮುಗಿದಿದೆಯೋ ಚಪ್ಪಟೆಯಾಗಿ ಕತ್ತರಿಸಿದೆಯೋ ನೋಡಿಕೊಳ್ಳಿ. ಆಮೇಲೆ ಆ ಬಣ್ಣದ ಪದರವನ್ನು ಅಳಿಸಿ ಸೇವ್ ಮಾಡಲು ಮರೆಯಬೇಡಿ. ಮರೆತರೆ ಹಳದಿ ಹಿನ್ನೆಲೆಯೇ ಬೋರ್ಡಿಗೆ ಹೋಗುತ್ತದೆ, ಮಾಲೀಕರು ಅದೇ ಚೆನ್ನಾಗಿದೆ ಎಂದರೂ ಎಂದಾರು.